ಸಹಾಯ ಬೇಕು: ಕಪಾಟಿನಲ್ಲಿ ಕೂತ ತುಡುವೆ ಜೇನನ್ನು ಪೆಟ್ಟಿಗೆಗೆ ಹಾಕಿಕೊಡುವವರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಉಪ್ಪರಿಗೆಯ ಹಳೇ ಮರದ ಕಪಾಟಿನೊಳಗೆ ಜೇನು ಕೂತಿದೆ. ನಿನ್ನೆ ಬಾಗಿಲ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಒಂದರ ಪಕ್ಕ ಒಂದರಂತೆ ಆರು ಎರಿ (ಮೇಣದ ಹಲ್ಲೆ), ಮೇಲ್ಭಾಗದಲ್ಲಿ ತುಪ್ಪ, ಕೆಳಗೆ ಮುಚ್ಚಿದ ಮರಿಗಳು. ಹೆಜ್ಜೇನು ಅಲ್ಲ, ಅದು ಬಯಲಲ್ಲಿ ಒಂದೇ ದೊಡ್ಡ ಎರಿ ಕಟ್ಟುತ್ತದೆ ಅಲ್ವಾ? ಇದು ಪೆಟ್ಟಿಗೆಯಲ್ಲಿ ಸಾಕುವ ತುಡುವೆಯೇ.

ಮುಂದಿನ ವಾರ ಸಣ್ಣ ಮಕ್ಕಳನ್ನು ಕರೆದುಕೊಂಡು ತಂಗಿ ಬರುತ್ತಾಳೆ. ಅಷ್ಟರೊಳಗೆ ಖಾಲಿ ಮಾಡಬೇಕು. ಸೀಮೆಎಣ್ಣೆ ಹೊಡೆಯಿರಿ, ಬೆಂಕಿ ಹಿಡಿಯಿರಿ ಅಂತ ಇಬ್ಬರು ಹೇಳಿದರು. ನನಗೆ ಮನಸ್ಸಿಲ್ಲ. ಇಡೀ ಸಂಸಾರ ಸುಮ್ನೆ ಸಾಯುತ್ತದೆ. 1991-92ರ ಹೊತ್ತಿಗೆ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆ ಎಷ್ಟೋ ಪೆಟ್ಟಿಗೆಗಳು ಬರಿದಾಗಿದ್ದವು. ಉಳಿದದ್ದನ್ನು ನಾವೇ ಕೊಲ್ಲುವುದು ಬೇಡ. ನಮ್ಮ ಹಿತ್ತಿಲಿನ ಸೌತೆ, ಕುಂಬಳದ ಹೂವಿಗೆ ಬೆಳಗ್ಗೆ ಬೆಳಗ್ಗೆ ಬರುವುದೂ ಇವೇ.

ನೀರ್ಚಾಲು, ಪೆರ್ಲ, ಮುಳ್ಳೇರಿಯಾ ಕಡೆ ಜೇನು ಸಾಕುವ ಅಣ್ಣಂದಿರು, ಅಕ್ಕಂದಿರು ಯಾರಾದರೂ ಇದ್ದರೆ ತಿಳಿಸಿ. ಸಂಜೆ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಎರಿ ಕೊಯ್ದು, ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟಿ, ರಾಣಿಯನ್ನು ಜೋಪಾನವಾಗಿ ಪೆಟ್ಟಿಗೆಗೆ ಸೇರಿಸಿಕೊಡುವ ಅನುಭವ ಬೇಕು. ಖರ್ಚು, ಕೂಲಿ ಕೊಡುತ್ತೇನೆ. ಜೇನು ಕುಟುಂಬವನ್ನು ನೀವೇ ಒಯ್ದರೂ ಸಂತೋಷ. ಪೆಟ್ಟಿಗೆ ಇಲ್ಲೇ ಇಡುವುದಾದರೆ ತೋಟದಲ್ಲಿ ನೆರಳಿನ ಜಾಗ ಇದೆ, ಇರುವೆ ಹತ್ತದ ಹಾಗೆ ಕಾಲಿಗೆ ನೀರಿನ ಬಟ್ಟಲನ್ನೂ ಇಡುತ್ತೇನೆ.

ಅಲ್ಲಿಯವರೆಗೆ ಕಪಾಟಿನ ಹತ್ತಿರ ಯಾರನ್ನೂ ಬಿಡುತ್ತಿಲ್ಲ. ಬೇರೇನಾದರೂ ಜಾಗ್ರತೆ ಬೇಕಿದ್ದರೆ ಕಾಮೆಂಟಿನಲ್ಲಿ ಹೇಳಿ.