ಸಹಾಯ ಬೇಕು: ‘ಪೇಜ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ನಾವು ಸಿಯಾಟಲ್ ಹತ್ತಿರ ಇದ್ದೇವೆ. ನನ್ನ 15 ವರ್ಷದ ಮಗಳು ಅಧಿವೇಶನದ ಸಮಯದಲ್ಲಿ ಒಂದು ವಾರ ಒಲಿಂಪಿಯಾದಲ್ಲಿರುವ ವಾಷಿಂಗ್ಟನ್ ರಾಜ್ಯದ ಮೇಲ್ಮನೆಯಾದ ಸೆನೆಟ್‌ನಲ್ಲಿ ಪೇಜ್ (ಸದನದಲ್ಲಿ ಸದಸ್ಯರಿಗೆ ನೆರವಾಗೋ ವಿದ್ಯಾರ್ಥಿ) ಆಗಿ ಕೆಲಸ ಮಾಡಿ ಬಂದಳು. ಈಗ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಅದರ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ, ಪೂರ್ತಿ ಕನ್ನಡದಲ್ಲೇ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ.

ಹಾಸನದ ಅಜ್ಜಿಗೆ ಫೋನಿನಲ್ಲಿ ‘ನಾನು ಪೇಜ್ ಆಗಿದ್ದೆ’ ಅಂದಳು. ‘ಯಾವ ಪುಸ್ತಕದ್ದೇ?’ ಅಂತ ಅಜ್ಜಿ ಕೇಳಿದರು! ‘ಸದನದ ಜವಾನ’ ಅಂದರೆ ಮಗಳು ಮುಖ ಊದಿಸುತ್ತಾಳೆ. ‘ಓಲೆಕಾರ’ ನನಗೆ ಇಷ್ಟವಾಯಿತು, ಆದರೆ ತುಂಬಾ ಹಳೇ ಕಾಲದ್ದು ಅನ್ನಿಸುತ್ತೆ, ಅಲ್ವಾ?

ಕೆಲಸ ಇಷ್ಟೇ: ಸದಸ್ಯರಿಗೆ ಚೀಟಿ, ಕಾಗದಪತ್ರ ತಲುಪಿಸೋದು, ಕಲಾಪ ಶುರುವಾಗುವಾಗ ಬಾವುಟ ಹಿಡಿಯೋದು. ಹೊಸ ಶೂ ಹಾಕಿ ಅಮೃತಶಿಲೆಯ ಮೆಟ್ಟಿಲು ಹತ್ತಿಳಿದು ಎರಡನೇ ದಿನಕ್ಕೇ ಹಿಮ್ಮಡಿಯಲ್ಲಿ ಬೊಬ್ಬೆ. ದಿನಾ ಪೇಜ್ ಶಾಲೆಯೂ ಇತ್ತು. ಅಲ್ಲಿ ಮಕ್ಕಳೇ ಮಸೂದೆ ಬರೆದು ಚರ್ಚೆ ಮಾಡುತ್ತಾರೆ. ಅವಳಿಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ.

‘ಕಾಕಸ್’ಗೆ (ಒಂದೇ ಪಕ್ಷದ ಸದಸ್ಯರು ಸೇರಿ ನಡೆಸೋ ಒಳಸಭೆ) ಏನು ಹೇಳೋದು? ಶಾಸಕಾಂಗ ಪಕ್ಷದ ಸಭೆ ಅಂದರೆ ಸರಿಹೋಗುತ್ತಾ? ಇಲ್ಲಿಯ 49 ಜನರ ಸೆನೆಟ್ಟನ್ನು ನಮ್ಮ 75 ಸದಸ್ಯರ ವಿಧಾನ ಪರಿಷತ್ತಿಗೆ ಹೋಲಿಸಬಹುದಾ? ಇಲ್ಲಿ ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುತ್ತಾರೆ, ಅದಕ್ಕೇ ಅನುಮಾನ.

ವಿಧಾನಸೌಧದ ಕಲಾಪ ಹತ್ತಿರದಿಂದ ನೋಡಿದವರು, ಪತ್ರಕರ್ತರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ನಿಘಂಟಿನ ಪದ ಬೇಡ, ಅಜ್ಜಿಗೂ ಅರ್ಥವಾಗಬೇಕು.