ರೇಟಿಂಗ್ 9ರ ಸ್ಕೂಲ್ ಹುಡುಕುವವರಿಗೆ, ರೇಟಿಂಗ್ 3ರ ಸ್ಕೂಲಿನ ಟೀಚರ್ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬರುತ್ತಿರುವವರೊಬ್ಬರು ಮೊನ್ನೆ ನಮ್ಮ ಈ ಕನ್ನಡ ಗುಂಪಿನಲ್ಲಿ ಕೇಳಿದ್ದರು: ರೇಟಿಂಗ್ (ವೆಬ್‌ಸೈಟುಗಳು ಶಾಲೆಗಳಿಗೆ ಹತ್ತಕ್ಕೆ ಕೊಡುವ ಅಂಕ) 9ರ ಮೇಲಿರುವ ಸ್ಕೂಲ್ ಡಿಸ್ಟ್ರಿಕ್ಟ್ ಹೇಳಿ, ಮನೆ ಹಳೆಯದಾದರೂ ಪರವಾಗಿಲ್ಲ ಅಂತ. ಇಲ್ಲಿ ಸಾಮಾನ್ಯವಾಗಿ ಮನೆ ಯಾವ ಡಿಸ್ಟ್ರಿಕ್ಟಿನಲ್ಲೋ ಮಕ್ಕಳ ಸರ್ಕಾರಿ ಶಾಲೆಯೂ ಅಲ್ಲೇ. ತುಂಬಾ ಜನ ಉತ್ತರ ಕೊಟ್ಟಿದ್ದೀರಿ, ಊರುಗಳೆಲ್ಲ ಸರಿಯಾಗಿಯೇ ಇವೆ. ನಾನು ಸುಮ್ನೆ ಇದ್ದೆ, ಆದರೆ ಮೂರು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ನಾನು ಇಲ್ಲಿನ ಪಬ್ಲಿಕ್, ಅಂದರೆ ಸರ್ಕಾರಿ, ಮಿಡಲ್ ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಹದಿಮೂರು ವರ್ಷ ಆಯ್ತು. ನಿಮ್ಮ ಪಟ್ಟಿಯ ಊರುಗಳಲ್ಲಿ ಅಲ್ಲ, ರೇಟಿಂಗ್ 3 ಇರುವ ಕಡೆ. ಆದರೆ ನಾವು ಮನೆ ತಗೊಂಡಿರುವುದು, ಮಗ ಓದುತ್ತಿರುವುದು ನಿಮ್ಮ ಪಟ್ಟಿಯ ಊರಿನಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ಕೇಳಿ ನಾನು ತಡವರಿಸುವುದು ಬೇಡ.

ಆ ರೇಟಿಂಗ್ ಹೆಚ್ಚಾಗಿ ನಿಂತಿರುವುದು ಟೆಸ್ಟ್ ಅಂಕಗಳ ಮೇಲೆ. ಭಾನುವಾರ ಬೆಳಿಗ್ಗೆ ಎಷ್ಟು ಅಪ್ಪಂದಿರು ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಕಾರಿನಲ್ಲೇ ಕೂತಿರುತ್ತಾರೆ ಅನ್ನುವುದೂ ಅದರಲ್ಲಿ ಸೇರಿದೆ. ಟೀಚರ್ ಒಳ್ಳೆಯವರೋ ಕೆಟ್ಟವರೋ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ನಿಮಗೆಲ್ಲ ಗೊತ್ತಿರುವ ಲೆಕ್ಕವೇ ಹೇಳುತ್ತೇನೆ. ಹನ್ನೆರಡನೇ ಕ್ಲಾಸಿಗೆ ಕ್ಯಾಲ್ಕ್ಯುಲಸ್ ಬೇಕು ಅಂದರೆ ಎಂಟನೇ ಕ್ಲಾಸಿನಲ್ಲೇ ಆಲ್ಜಿಬ್ರಾ 1 ಆಗಿರಬೇಕು. ಆಮೇಲೆ ಜಿಯೋಮೆಟ್ರಿ, ಆಲ್ಜಿಬ್ರಾ 2, ಪ್ರೀಕ್ಯಾಲ್ಕ್ಯುಲಸ್, ಒಂದೊಂದು ವರ್ಷಕ್ಕೆ ಒಂದೊಂದು. ಈ ಏಣಿಯ ಮೊದಲ ಮೆಟ್ಟಿಲು ಹತ್ತುವವರು ಯಾರು ಅಂತ ಏಳನೇ ಕ್ಲಾಸಿನ ಕೊನೆಗೇ ತೀರ್ಮಾನವಾಗುತ್ತದೆ, ಮಕ್ಕಳಿಗೆ ಆಗ ಹನ್ನೆರಡು, ಹದಿಮೂರು ವರ್ಷ. ನಮ್ಮ ಗುಂಪಿನಲ್ಲಿ ಇದು ಗೊತ್ತಿಲ್ಲದ ಅಪ್ಪ ಅಮ್ಮ ಒಬ್ಬರೂ ಇಲ್ಲ. ನನ್ನ ಶಾಲೆಯ ಕಡೆ ಗೊತ್ತಿರುವವರನ್ನು ಬೆರಳಲ್ಲಿ ಎಣಿಸಬಹುದು.

ಕೆಲವು ವರ್ಷದ ಹಿಂದಿನ ಮಾತು. ನನ್ನ ಕ್ಲಾಸಿನ ಒಂದು ಹುಡುಗಿಗೆ ಆಲ್ಜಿಬ್ರಾಗೆ ಬೇಕಾದ ಅಂಕ ಬಂದಿತ್ತು, ಬೇಕಾದ್ದಕ್ಕಿಂತ ಜಾಸ್ತಿಯೇ. ಮನೆಯಿಂದ ಒಂದು ಫಾರಂಗೆ ಸಹಿ ಹಾಕಿಸಿಕೊಂಡು ಬರಬೇಕಿತ್ತು, ಅಷ್ಟೇ. ಬರಲಿಲ್ಲ. ಎರಡು ಸಲ ಜ್ಞಾಪಿಸಿದೆ. ಗಡುವು ಮುಗಿಯಿತು, ಮನೆಯವರಿಗೆ ಆಸಕ್ತಿ ಇಲ್ಲ ಅಂದುಕೊಂಡು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಜೂನಿನಲ್ಲಿ ಲಾಕರ್ ಖಾಲಿ ಮಾಡುವ ದಿನ ಆ ಫಾರಂ ಸಿಕ್ಕಿತು. ಬ್ಯಾಗಿನ ತಳದಲ್ಲಿ ನಾಲ್ಕಾಗಿ ಮಡಚಿಕೊಂಡು, ಒಂದು ಮೂಲೆಗೆ ಚಿಪ್ಸಿನ ಎಣ್ಣೆ ಹತ್ತಿತ್ತು. ಪೂರ್ತಿ ಇಂಗ್ಲಿಷಿನಲ್ಲೇ ಇತ್ತು. ಅವಳ ಅಮ್ಮನಿಗೆ ಬರುವುದು ಸ್ಪ್ಯಾನಿಷ್ ಮಾತ್ರ. ರಾತ್ರಿ ವೇರ್‌ಹೌಸಿನಲ್ಲಿ ಕೆಲಸ, ಹಗಲು ನಿದ್ದೆ. ಅದೇನು ಕಾಗದ ಅಂತ ತಿಳಿಯದೆ ಸಹಿ ಹಾಕುವುದು ಬೇಡ ಅಂತ ಆಕೆ ಮಗಳಿಗೆ ವಾಪಸ್ ಕೊಟ್ಟಿದ್ದರಂತೆ. ತಪ್ಪೇನಿದೆ? ಓದಲಾಗದ ಕಾಗದಕ್ಕೆ ಸಹಿ ಹಾಕಬೇಡ ಅಂತ ನನ್ನ ಅಜ್ಜಿಯೂ ಹೇಳುತ್ತಿದ್ದರು.

ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ನನ್ನ ಮಗನಿಗೆ ಅವನ ಶಾಲೆಯಲ್ಲಿ ಆಲ್ಜಿಬ್ರಾಗೆ ಆರಿಸುವ ಅಂಥದ್ದೇ ಪರೀಕ್ಷೆ. ಬೇಕಾದ್ದಕ್ಕಿಂತ ಎರಡು ಅಂಕ ಕಮ್ಮಿ ಬಂತು. ಯಾವ ಮಗು ಯಾವ ಕ್ಲಾಸಿಗೆ ಅಂತ ನೋಡಿಕೊಳ್ಳುವ ಶಾಲೆಯ ಕೌನ್ಸೆಲರ್‌ಗೆ ನಾನು ಇಮೇಲ್ ಬರೆದೆ, ತುಂಬಾ ನಯವಾಗಿ, ಮೂರು ಪ್ಯಾರಾ. ಅವನಿಗೆ ಸೀಟು ಸಿಕ್ಕಿತು.

ಅಂಕ ಕಮ್ಮಿ ಇದ್ದವನು ಒಳಗೆ, ಜಾಸ್ತಿ ಇದ್ದವಳು ಹೊರಗೆ. ಎರಡೂ ಕಡೆ ಕೈ ನನ್ನದೇ.

ಭಾಷೆ ಬಾರದ ಮನೆಗೆ ಅವರ ಭಾಷೆಯಲ್ಲೇ ವಿಷಯ ತಿಳಿಸಬೇಕು ಅನ್ನುವುದು ಶಾಲೆಯ ದೊಡ್ಡತನ ಅಲ್ಲ, ಕಾನೂನು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ, 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಂಗ್ಲಿಷ್ ಬಾರದ ಚೀನೀ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟು ಕೊಟ್ಟ ಲಾವ್ ತೀರ್ಪು ಇದೆ. ಟೀಚರ್ ಟ್ರೇನಿಂಗಿನಲ್ಲಿ ಇವನ್ನೆಲ್ಲ ನಾನು ಉರು ಹೊಡೆದಿದ್ದೆ. ಫೋನಿನಲ್ಲಿ ದುಭಾಷಿ ಸಿಗುತ್ತಾರೆ ಅಂತಲೂ ಗೊತ್ತಿತ್ತು. ಹತ್ತು ನಿಮಿಷದ ಕೆಲಸ, ಮಾಡಲಿಲ್ಲ.

ನನಗೆ ಚುಚ್ಚಿದ್ದು ಇನ್ನೊಂದು ಕಾರಣಕ್ಕೆ. ನಾನು ಓದಿದ್ದು ಹಾಸನ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಪ್ಪ, ಸಾಕು, ಇನ್ನು ಮದುವೆ ನೋಡೋಣ ಅಂದಿದ್ದರು. ನಮ್ಮ ಗಣಿತದ ಮೇಷ್ಟ್ರು ಸೈಕಲ್ ತುಳಿದುಕೊಂಡು ಮನೆಗೆ ಬಂದರು, ಪಿಯುಸಿ ಅರ್ಜಿ ಜೇಬಿನಲ್ಲಿ ಇಟ್ಟುಕೊಂಡು. ಜಗಲಿ ಮೇಲೆ ಕೂತು ಅಮ್ಮ ಕೊಟ್ಟ ಕಾಫಿ ಕುಡಿದು ಅಡಿಕೆ ರೇಟು, ಮಳೆ, ಎಲ್ಲ ಮಾತಾಡಿದ ಮೇಲೆ ಪೆನ್ನು ತೆಗೆದರು. ಅಪ್ಪ ಸಹಿ ಹಾಕಿದರು. ಎಲ್ಲ ಮಕ್ಕಳಿಗೂ ನ್ಯಾಯವಾದ ಅವಕಾಶ ಕೊಡುವುದಕ್ಕೆ ಇಲ್ಲಿ ಈಕ್ವಿಟಿ ಅನ್ನುತ್ತಾರೆ, ಮೇಷ್ಟ್ರು ಅಂಥ ಹೆಸರು ಇಟ್ಟಿರಲಿಲ್ಲ.

ಕಳೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಒಬ್ಬರು ಹೇಳಿದರು, ನಮ್ಮ ಟ್ಯಾಕ್ಸ್ ದುಡ್ಡು ಯಾಕೆ ಮೇಡಂ ಆ ಬಡ ಊರುಗಳ ಶಾಲೆಗೆ ಹೋಗಬೇಕು ಅಂತ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲ್ಲ. ಆದರೆ ಈ ರಾಜ್ಯದಲ್ಲಿ ಆ ಬಿಲ್ಲಿನ ಸುಮಾರು ಅರ್ಧ ಹೋಗುವುದು ನಿಮ್ಮ ಊರಿನ ಶಾಲೆಗೇ. ಮನೆಗಳಿಗೆ ಬೆಲೆ ಇಲ್ಲದ ಊರಿನಲ್ಲಿ ಶಾಲೆಗೂ ದುಡ್ಡು ಹುಟ್ಟುವುದಿಲ್ಲ. 1973ರಲ್ಲಿ ಟೆಕ್ಸಾಸಿನ ರೊಡ್ರಿಗಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಹೀಗೆ ಊರಿನ ಪ್ರಾಪರ್ಟಿ ಟ್ಯಾಕ್ಸ್ ನೆಚ್ಚಿಕೊಂಡು ಶಾಲೆ ನಡೆಸುವುದು ಅಮೆರಿಕದ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದುಬಿಟ್ಟಿತು, ಐದು ಜಡ್ಜುಗಳು ಆ ಕಡೆ, ನಾಲ್ವರು ಈ ಕಡೆ. ಆಮೇಲೆ ಜನ ರಾಜ್ಯಗಳ ಕೋರ್ಟಿಗೆ ಹೋದರು. ನ್ಯೂಜೆರ್ಸಿಯಲ್ಲಿ 1981ರಲ್ಲಿ ಕ್ಯಾಮ್ಡನ್, ಜೆರ್ಸಿ ಸಿಟಿ ಕಡೆಯ ಮಕ್ಕಳ ಹೆಸರಿನಲ್ಲಿ ಹಾಕಿದ ಅಬಾಟ್ ಕೇಸು ಇವತ್ತಿಗೂ ಹೆಸರುವಾಸಿ. 1990ರ ತೀರ್ಪಿನಲ್ಲಿ, ಬಡ ಊರುಗಳ ಮಕ್ಕಳಿಗೂ ಶ್ರೀಮಂತ ಊರಿನಷ್ಟೇ ಖರ್ಚು ಮಾಡಿ ಅಂದರು. 1998ರಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಪ್ರೀಸ್ಕೂಲನ್ನೂ ಕೊಡಿಸಿದರು. ಹಾಗಾಗಿ ಅಂಥ ಊರುಗಳಿಗೆ ರಾಜ್ಯದಿಂದ ದುಡ್ಡು ಬರುತ್ತದೆ, ನನ್ನ ಸಂಬಳವೂ ಅದರಲ್ಲೇ. ಜೆರ್ಸಿ ಸಿಟಿಯಲ್ಲಿ ಮೊದಲ ಬಾಡಿಗೆ ಮನೆ ಮಾಡಿದ ಎಷ್ಟೋ ಕನ್ನಡದವರ ಮಕ್ಕಳೂ ಆ ಪ್ರೀಸ್ಕೂಲಿಗೆ ಪುಕ್ಕಟೆ ಹೋಗಿದ್ದಾರೆ, ಅಲ್ವಾ?

ದುಡ್ಡು ಬಂದರೂ ಕೌನ್ಸೆಲರ್‌ಗೆ ಮೂರು ಪ್ಯಾರಾ ಇಮೇಲ್ ಬರೆಯುವವರು ಬೇಕಲ್ಲ. ಅದನ್ನು ಯಾವ ಕೋರ್ಟೂ ಕೊಡಿಸಿಲ್ಲ. ಈಗ ನಾನು ಬರೀ ಫಾರಂ ಕಳಿಸಿ ಸುಮ್ಮನಿರುವುದಿಲ್ಲ, ಫೋನ್ ಮಾಡುತ್ತೇನೆ, ದುಭಾಷಿಯನ್ನು ಲೈನಿನಲ್ಲಿ ಇಟ್ಟುಕೊಂಡು, ರಾತ್ರಿ ಪಾಳಿಗೆ ಹೊರಡುವ ಮುಂಚೆ, ಸಂಜೆ ಐದರಿಂದ ಆರರ ಒಳಗೆ. ಹೋದ ವರ್ಷ ಎಲ್ಲ ಸಹಿಯೂ ಬಂತು, ಒಂದು ಬಿಟ್ಟು. ಆ ಒಂದು ಮನೆಯವರು ಬೇಡ ಅಂದರು, ತಿಳಿದೇ ಬೇಡ ಅಂದರು.

ಕೇಳಿದವರಿಗೆ: ಆ ಪಟ್ಟಿಯ ಊರಿನಲ್ಲೇ ಮನೆ ತಗೊಳ್ಳಿ, ನಾನೇ ತಗೊಂಡಿದ್ದೇನೆ, ನಿಮಗೆ ಬೇಡ ಅನ್ನುವ ಮುಖ ನನಗಿಲ್ಲ. ಆದರೆ ಸ್ಕೂಲ್ ಬೋರ್ಡಿನ ಮೀಟಿಂಗಿಗೆ ಹೋಗಿ, ಬೇರೆ ಊರಿನ ಮಕ್ಕಳು ಬಂದರೆ ನಮ್ಮ ರೇಟಿಂಗ್ ಬೀಳುತ್ತದೆ ಅಂತ ಮೈಕ್ ಹಿಡಿಯಬೇಡಿ. ನಮ್ಮವರೇ ಹಿಡಿದದ್ದನ್ನು ನೋಡಿದ್ದೇನೆ.

ಆ ಹುಡುಗಿ ಈಗ ಹೈಸ್ಕೂಲಿನಲ್ಲಿ ಇದ್ದಾಳೆ. ಬೇಸಿಗೆ ರಜೆಯಲ್ಲಿ ಜಿಯೋಮೆಟ್ರಿ ಮುಗಿಸಿ ಒಂದು ವರ್ಷ ಹಾರಬಹುದು, ನಾನೇ ಹೇಳಿಕೊಡುತ್ತೇನೆ ಅಂದೆ. ಇನ್ನೂ ಯೋಚನೆ ಮಾಡುತ್ತಿದ್ದಾಳೆ, ಬೇಸಿಗೆಯಲ್ಲಿ ಅವಳಿಗೆ ಕೆಲಸ ಇದೆ.

ಇನ್ನೊಂದು, ಇದಕ್ಕೇ ಬರೆಯಲು ಕೂತಿದ್ದು. ಕಾಲೇಜಿಗೆ ಹೋದ ಮಕ್ಕಳ ಹಳೆ ಟಿಐ-84 ಕ್ಯಾಲ್ಕ್ಯುಲೇಟರ್ ಯಾರ ಮನೆಯ ಡ್ರಾಯರಿನಲ್ಲಾದರೂ ಬಿದ್ದಿದ್ದರೆ ಮೆಸೇಜ್ ಮಾಡಿ, ನನ್ನ ಶಾಲೆಯ ಮಕ್ಕಳಿಗೆ. ಹೊಸದಕ್ಕೆ ನೂರು ಡಾಲರ್ ಮೇಲಾಗುತ್ತದೆ. ಬ್ಯಾಟರಿ ಹೋಗಿದ್ದರೂ ನಡೆಯುತ್ತದೆ. ಭಾನುವಾರ ಕನ್ನಡ ಕ್ಲಾಸಿಗೆ ಮಗನನ್ನು ಬಿಡಲು ಬರುತ್ತೇನಲ್ಲ, ಆಗಲೇ ಇಸ್ಕೊಳ್ಳುತ್ತೇನೆ.