ಕೆಲಸ ಹಿಡಿಯುವ ಮೊದಲೇ, ಬರೀ ಅಂದಾಜು ಹೇಳುವುದಕ್ಕೂ ಶುಲ್ಕ ಕೊಡಬೇಕೇ?

ಪ್ರಶ್ನೆ: ತೇವದ ಗೋಡೆ

ನಮ್ಮ ಮಲಗುವ ಕೋಣೆಗೂ ಬಚ್ಚಲುಮನೆಗೂ ನಡುವೆ ಇರುವ ಗೋಡೆಯಲ್ಲಿ ನೆಲದಿಂದ ಸುಮಾರು ಮೊಳದೆತ್ತರದವರೆಗೆ ತೇವ ಏರಿ, ಬಣ್ಣ ಉಬ್ಬಿ ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತಿದೆ. ಸರಿಪಡಿಸಲು ಎಷ್ಟಾಗಬಹುದೆಂದು ತಿಳಿಯಲು ಮೂವರನ್ನು ವಿಚಾರಿಸಿದೆ. ಮೊದಲನೆಯವರು ಬಂದು ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಕಡೆ ತಟ್ಟಿ, ಬಚ್ಚಲುಮನೆಯ ಟೈಲ್ಸ್ ಪೂರ್ತಿ ಕಿತ್ತು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಬೇಕೆಂದು ಹೇಳಿ, ನಿಂತ ನಿಲುವಿನಲ್ಲೇ ಒಂದು ಮೊತ್ತ ತಿಳಿಸಿದರು. ಎರಡನೆಯವರು ಟೈಲ್ಸಿನ ಗೋಜಿಗೇ ಹೋಗದೆ, ಗೋಡೆಯೊಳಗಿನ ಪೈಪ್ ಒಡೆದಿರಬೇಕು, ಅದನ್ನು ಬದಲಿಸಿದರೆ ಸಾಕು ಎಂದರು. ಅವರು ಹೇಳಿದ ಮೊತ್ತ ಮೊದಲಿನವರದರ ಮೂರನೇ ಒಂದು ಭಾಗದಷ್ಟಿತ್ತು. ಇಬ್ಬರೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಿಲ್ಲ, ಇಬ್ಬರೂ ಏನನ್ನೂ ಕೇಳಲಿಲ್ಲ.

ಮೂರನೆಯವರು ಮಾತ್ರ ಫೋನಿನಲ್ಲೇ, ಬಂದು ನೋಡಿ ಅಂದಾಜು ಕೊಡುವುದಕ್ಕೆ ಶುಲ್ಕವಿದೆ, ಕೆಲಸ ತಮಗೇ ಕೊಟ್ಟರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇನೆ ಎಂದರು. ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ. ಬಟ್ಟೆ ಅಂಗಡಿಯಲ್ಲಿ ಹತ್ತು ಥಾನು ಬಿಚ್ಚಿ ತೋರಿಸಿದರೂ ತೋರಿಸಿದ್ದಕ್ಕೆಂದು ಯಾರೂ ಹಣ ಕೇಳುವುದಿಲ್ಲವಲ್ಲ ಎಂಬ ಅಸಮಾಧಾನ ಆಗ ನನಗಿತ್ತು. ಆದರೆ ಒಂದೇ ಗೋಡೆಗೆ ಎರಡು ಬೇರೆ ಬೇರೆ ರೋಗ ಹೇಳಿ ಹೋದ ಆ ಇಬ್ಬರನ್ನು ನೆನೆದಾಗ, ಬಿಟ್ಟಿಯಾಗಿ ಸಿಕ್ಕ ಈ ಅಂದಾಜುಗಳಿಂದ ನನಗೆ ಸಿಕ್ಕಿದ್ದಾದರೂ ಏನು ಎಂಬ ಪ್ರಶ್ನೆಯೂ ಏಳುತ್ತಿದೆ. ಈ ಕೆಲಸದಲ್ಲಿರುವವರೂ ಕೆಲಸ ಮಾಡಿಸಿದವರೂ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಪೈಪಿನ ಕೆಲಸದವನು

ನಾನು ಇಪ್ಪತ್ತು ವರ್ಷಗಳಿಂದ ಪ್ಲಂಬಿಂಗ್ ಕೆಲಸವನ್ನು ಗುತ್ತಿಗೆ ಹಿಡಿದು ಮಾಡಿಸುತ್ತಿದ್ದೇನೆ. ಮೊದಲ ಹನ್ನೆರಡು ವರ್ಷ ಅಂದಾಜಿಗೆ ಏನನ್ನೂ ಕೇಳುತ್ತಿರಲಿಲ್ಲ, ಈಗ ಕೇಳುತ್ತೇನೆ. ಆದ್ದರಿಂದ ಎರಡೂ ಕಡೆಯ ಅನುಭವ ನನಗಿದೆ.

ವಾರಕ್ಕೆ ಹತ್ತು ಮನೆ ನೋಡಿ ಬಂದು, ಅದರಲ್ಲಿ ಮೂರು ಮನೆಯ ಕೆಲಸ ಕೈಗೆ ಹತ್ತಿದರೆ ಅದು ನನಗೆ ಒಳ್ಳೆಯ ವಾರ. ಹೋಗಿ ಬರುವುದು, ಅಳೆಯುವುದು, ಸಂಜೆ ಕುಳಿತು ಸಾಮಗ್ರಿಯ ದರ ವಿಚಾರಿಸಿ ಲೆಕ್ಕ ಬರೆಯುವುದು ಎಲ್ಲ ಸೇರಿ ಮನೆಗೆ ಎರಡು ಗಂಟೆ ಎಂದಿಟ್ಟುಕೊಂಡರೂ, ಒಟ್ಟು ಇಪ್ಪತ್ತು ಗಂಟೆಯಲ್ಲಿ ಹದಿನಾಲ್ಕು ಗಂಟೆ ಕೆಲಸವೇ ಸಿಗದ ಮನೆಗಳ ಪಾಲಾಯಿತು. ಆ ಹದಿನಾಲ್ಕು ಗಂಟೆಯ ಖರ್ಚನ್ನು ನಾನು ಕೈಯಿಂದ ಹಾಕಿಕೊಳ್ಳುತ್ತಿದ್ದೆ ಎಂದು ದಯವಿಟ್ಟು ಭಾವಿಸಬೇಡಿ. ಅದನ್ನು ಕೆಲಸ ಕೊಟ್ಟ ಮೂವರ ಬಿಲ್ಲಿನಲ್ಲಿ ಹಂಚಿ ಸೇರಿಸುತ್ತಿದ್ದೆ. ಬಿಟ್ಟಿ ಅಂದಾಜಿಗೂ ಹಣ ಸಂದೇ ಇರುತ್ತದೆ, ಕೊಟ್ಟವರು ಯಾರು ಎಂಬುದಷ್ಟೇ ಕಾಣುವುದಿಲ್ಲ.

ಇನ್ನು ತಮ್ಮ ಗೋಡೆಯ ಮಾತು. ಇಂಥ ತೇವಕ್ಕೆ ಕಾರಣಗಳು ಹಲವು. ನೀರು ತರುವ ಪೈಪ್ ಸೋರುತ್ತಿದ್ದರೆ ಬಚ್ಚಲು ಬಳಸದಿದ್ದರೂ ತೇವ ಆರುವುದಿಲ್ಲ. ಹೊರಹೋಗುವ ಪೈಪಿನ ಜಾಯಿಂಟಿನಲ್ಲೋ ಟ್ರ್ಯಾಪಿನ (ನೆಲದ ತೂತಿನ ಕೆಳಗೆ ಕೂರಿಸುವ ಬಾಗಿದ ಪೈಪಿನ) ಸುತ್ತಲೋ ದೋಷವಿದ್ದರೆ ಬಳಸಿದಾಗ ಮಾತ್ರ ಹೆಚ್ಚುತ್ತದೆ. ಟೈಲ್ಸಿನ ಸಂದುಗಳಿಗೆ ತುಂಬುವ ಗಾರೆ, ಅಂದರೆ ಗ್ರೌಟ್, ಬಿಟ್ಟುಹೋಗಿದ್ದರೂ ಲಕ್ಷಣ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಇವುಗಳನ್ನು ಒಂದರಿಂದ ಒಂದು ಬೇರ್ಪಡಿಸಬೇಕಾದರೆ ಪೈಪಿನ ತುದಿಗಳನ್ನು ಮುಚ್ಚಿ, ಪಂಪಿನಿಂದ ಒತ್ತಡ ತುಂಬಿಸಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯಬೇಕು. ಆಮೇಲೆ ಬಚ್ಚಲಿನ ನೆಲದ ತೂತು ಮುಚ್ಚಿ, ನೆಲದ ಮೇಲೆ ನೀರು ತುಂಬಿಸಿಟ್ಟು, ಒಂದು ದಿನ ಬಿಟ್ಟು ಆಚೆಯ ಗೋಡೆ ನೋಡಬೇಕು. ಗೋಡೆಯನ್ನು ಗೆಣ್ಣಿನಿಂದ ತಟ್ಟಿದರೆ ಟೈಲ್ಸ್ ಒಳಗೆ ಪೊಳ್ಳಾಗಿದೆಯೇ ಎಂಬುದು ತಿಳಿಯಬಹುದು, ನೀರು ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುವುದಿಲ್ಲ. ತಮ್ಮಲ್ಲಿಗೆ ಬಂದ ಇಬ್ಬರೂ ಅಂದಾಜು ಕೊಡಲಿಲ್ಲ, ಊಹೆ ಮಾಡಿದರು ಎಂಬುದು ನನ್ನ ಅನಿಸಿಕೆ.

ಹೇಳಲು ಸಂಕೋಚವಾಗುವ ಒಂದು ಸಂಗತಿಯೂ ಇದೆ. ಬಿಟ್ಟಿಯಾಗಿ ನೋಡಲು ಬಂದವನಿಗೆ ಅಲ್ಲಿ ಕೆಲಸ ಹುಟ್ಟಿದರಷ್ಟೇ ಕೂಲಿ ಹುಟ್ಟುತ್ತದೆ. ಕೆಲವು ತಿಂಗಳ ಹಿಂದೆ ಒಂದು ಮನೆಯಲ್ಲಿ ಇಡೀ ಬಚ್ಚಲು ಒಡೆಸಲು ಸಿದ್ಧರಾಗಿದ್ದರು. ನೋಡಿದರೆ ನಲ್ಲಿ ಗೋಡೆಯಿಂದ ಹೊರಬರುವ ಜಾಗದಲ್ಲಿ, ಸುತ್ತಲಿನ ಬಿಲ್ಲೆಯ ಹಿಂದೆ, ಕಿರುಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು. ಸ್ನಾನದ ನೀರು ಅದರೊಳಗೆ ಇಳಿಯುತ್ತಿತ್ತು. ಸಿಲಿಕೋನ್ ತುಂಬಿಸಿ ಒಣಗಲು ಬಿಡಿ, ಬೇರೇನೂ ಬೇಡ ಎಂದು ಬರೆದುಕೊಟ್ಟು, ನನ್ನ ಶುಲ್ಕ ಪಡೆದು ಬಂದೆ. ಅಂದು ಶುಲ್ಕದ ಏರ್ಪಾಡು ಇಲ್ಲದೇ ಹೋಗಿದ್ದರೆ ಅದೇ ಮಾತು ನನ್ನ ಬಾಯಿಂದ ಅಷ್ಟೇ ಸಲೀಸಾಗಿ ಬರುತ್ತಿತ್ತೆಂದು ಎದೆ ಮುಟ್ಟಿಕೊಂಡು ಹೇಳಲಾರೆ.

ಯಾರನ್ನು ಕರೆಸುವ ಮೊದಲೂ ತಾವೇ ಒಂದು ಪರೀಕ್ಷೆ ಮಾಡಿ ನೋಡಬಹುದು. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದಿಟ್ಟು, ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಮೇಲಿನ ತೊಟ್ಟಿಯಿಂದ ನೀರು ಬರುವ ಮನೆಯಾದರೆ ಮೀಟರಿನಿಂದ ಪ್ರಯೋಜನವಿಲ್ಲ. ತೊಟ್ಟಿಗೆ ಬರುವ ನೀರನ್ನು ನಿಲ್ಲಿಸಿ, ಒಳಗಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಡಿ. ಬೆಳಗ್ಗೆ ಅಂಕಿ ಏರಿದ್ದರೆ ಅಥವಾ ಮಟ್ಟ ಇಳಿದಿದ್ದರೆ ನೀರು ಎಲ್ಲೋ ಸೋರುತ್ತಿದೆ ಎಂದರ್ಥ. ಇದಕ್ಕೆ ಶುಲ್ಕವಿಲ್ಲ.

ಉತ್ತರ 2: ಒಮ್ಮೆ ಕೊಟ್ಟು ಕೆಟ್ಟವಳು

ಮೇಲಿನವರು ಪ್ರಾಮಾಣಿಕವಾಗಿ ಬರೆದಿದ್ದಾರೆ, ಆದರೆ ಎಲ್ಲರೂ ಅವರಂತಿರುವುದಿಲ್ಲ. ಅಡುಗೆಮನೆಯ ಕಪಾಟುಗಳನ್ನು ಹೊಸದಾಗಿ ಮಾಡಿಸಲು ನಾನು ಶುಲ್ಕ ಕೊಟ್ಟೇ ಒಬ್ಬರನ್ನು ಕರೆಸಿದ್ದೆ. ಅವರು ಅರ್ಧ ಗಂಟೆ ಟೇಪು ಹಿಡಿದು ಅಳೆದರು, ಫೋಟೋ ತೆಗೆದುಕೊಂಡರು. ನಾಲ್ಕು ದಿನದ ನಂತರ ಫೋನಿಗೆ ಎರಡು ಸಾಲಿನ ಸಂದೇಶ ಬಂತು: ಒಂದು ಸಾಲಿನಲ್ಲಿ ಒಟ್ಟು ಮೊತ್ತ, ಇನ್ನೊಂದು ಸಾಲಿನಲ್ಲಿ ಅರ್ಧ ಮುಂಗಡ ಕೊಡಬೇಕೆಂಬ ಸೂಚನೆ. ಯಾವ ಹಲಗೆ, ಎಷ್ಟು ದಪ್ಪ, ಹಿಂಜು ಯಾವುದು, ಕೂಲಿ ಎಷ್ಟು ಎಂದು ಕೇಳಿದರೆ, ಕೆಲಸ ನಿಕ್ಕಿಯಾದ ಮೇಲೆ ವಿವರ ಕೊಡುತ್ತೇವೆ ಎಂಬ ಉತ್ತರ ಬಂತು. ಅಳತೆಯ ಚೀಟಿಯನ್ನೂ ಕೊಡಲಿಲ್ಲ. ಹಾಗಾದರೆ ನಾನು ಹಣ ಕೊಟ್ಟಿದ್ದು ಯಾವುದಕ್ಕೆ?

ಶುಲ್ಕವನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ ಎನ್ನುವ ಮಾತಿನ ಮೇಲೂ ನನಗೆ ನಂಬಿಕೆಯಿಲ್ಲ. ಬಿಲ್ಲಿನ ಮೊತ್ತವನ್ನು ನಿಗದಿ ಮಾಡುವವರು ಅವರೇ ಆಗಿರುವಾಗ, ಮೊದಲು ಸೇರಿಸಿ ಆಮೇಲೆ ಕಳೆದರೆ ನಮಗೆ ತಿಳಿಯುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಹಣ ಕೊಟ್ಟ ಮೇಲೆ ಅದು ವ್ಯರ್ಥವಾಗಬಾರದೆಂಬ ಆಸೆಯಿಂದ ನಾವೇ ಅವರಿಗೆ ಕೆಲಸ ಕೊಟ್ಟುಬಿಡುತ್ತೇವೆ. ನಾನೂ ಆ ಎರಡು ಸಾಲಿನ ಸಂದೇಶ ಬಂದ ಮೇಲೂ ಒಂದು ವಾರ ಹಾಗೆಯೇ ತೂಗಾಡಿದ್ದೆ. ಕೊಟ್ಟ ಹಣದ ಆಸೆ ಬಿಟ್ಟ ದಿನವೇ ಬೇರೆಯವರನ್ನು ಕರೆಸುವ ಧೈರ್ಯ ಬಂದದ್ದು.

ಮೂರು ಕಡೆ ವಿಚಾರಿಸಿ ಕೆಲಸ ಕೊಡಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಮೂವರೂ ಶುಲ್ಕ ಕೇಳಿದರೆ ಹಣವಿದ್ದವರು ಮೂವರನ್ನು ಕರೆಸುತ್ತಾರೆ, ಇಲ್ಲದವರು ಒಬ್ಬರನ್ನೇ ಕರೆಸಿ ಅವರು ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಆದ್ದರಿಂದ ಶುಲ್ಕ ತೆಗೆದುಕೊಳ್ಳುವುದು ಎಲ್ಲರ ಪದ್ಧತಿಯಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 3: ವೈರಿಂಗ್ ಮೇಸ್ತ್ರಿ

ಹಿಂದಿನ ಇಬ್ಬರೂ ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆದು ವಾದಿಸುತ್ತಿದ್ದಾರೆ ಎಂದು ನನಗೆ ತೋರುತ್ತದೆ. ಏನು ಮಾಡಬೇಕೆಂಬುದು ಮೊದಲೇ ಗೊತ್ತಿದ್ದು ಎಷ್ಟಾಗುತ್ತದೆ ಎಂದು ಮಾತ್ರ ಕೇಳುವುದು ಒಂದು. ಏನಾಗಿದೆ ಎಂಬುದೇ ಗೊತ್ತಿಲ್ಲದೆ ಅದನ್ನು ಹುಡುಕಿಕೊಡಿ ಎಂದು ಕೇಳುವುದು ಇನ್ನೊಂದು. ಹೊಸ ಕೋಣೆಗೆ ವೈರಿಂಗ್ ಮಾಡಿಸುವವರು ಕರೆದರೆ ನಾನು ಶುಲ್ಕ ಕೇಳುವುದಿಲ್ಲ. ದೀಪ ಎಷ್ಟು, ಸಾಕೆಟ್ ಎಷ್ಟು ಎಂದು ಪಾಯಿಂಟ್ ಎಣಿಸಿ, ತಂತಿಯ ಉದ್ದ ಲೆಕ್ಕ ಹಾಕಿ, ಸ್ಥಳದಲ್ಲೇ ಬರೆದುಕೊಡುತ್ತೇನೆ. ಅದು ವ್ಯಾಪಾರದ ಖರ್ಚು. ಆದರೆ ಮಳೆ ಬಂದಾಗಲೆಲ್ಲ ಮೇನ್ ಬೋರ್ಡಿನ ಸ್ವಿಚ್ಚು ತಾನಾಗಿ ಬಿದ್ದು ಕರೆಂಟ್ ಹೋಗುತ್ತದೆ, ಯಾಕೆಂದು ನೋಡಿ ಎಂದರೆ ಮಾತು ಬೇರೆ. ಎಲ್ಲ ಉಪಕರಣಗಳ ಪ್ಲಗ್ ಕಿತ್ತು, ಮುಖ್ಯ ಸರಬರಾಜು ನಿಲ್ಲಿಸಿ, ಒಂದೊಂದು ಸರ್ಕ್ಯೂಟನ್ನೂ ಬೇರ್ಪಡಿಸಿ ಮೆಗ್ಗರ್ ಎಂಬ ಅಳತೆಯ ಉಪಕರಣದಿಂದ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಶನ್, ಅಂದರೆ ತಂತಿಯ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದನ್ನು, ಅಳೆಯಬೇಕು. 1 ಮೆಗಾಓಮ್‌ಗಿಂತ ಕೆಳಗೆ ಇಳಿದ ಸರ್ಕ್ಯೂಟ್ ಸಿಕ್ಕ ಮೇಲೆ ಅದರ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ, ತೇವ ಸೇರಿದ ಜಾಯಿಂಟನ್ನು ಪತ್ತೆ ಹಚ್ಚಬೇಕು. ಇಷ್ಟಾದಾಗ ಕಷ್ಟದ ಕೆಲಸದ ಮುಕ್ಕಾಲು ಪಾಲು ಮುಗಿದಿರುತ್ತದೆ. ಉಳಿದದ್ದು ಒಂದು ಗೇಣು ತಂತಿ ಬದಲಿಸುವುದು, ಅದನ್ನು ಯಾರು ಬೇಕಾದರೂ ಮಾಡಬಹುದು. ಇದನ್ನು ಅಂದಾಜು ಎಂದು ಕರೆದು ಬಿಟ್ಟಿಯಾಗಿ ಮಾಡಿಸಿಕೊಂಡು, ಆಮೇಲೆ ಕಡಿಮೆ ಕೂಲಿಯವನಿಂದ ಆ ಗೇಣುದ್ದದ ತಂತಿ ಹಾಕಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಹಾಗಾಗಿ ಎರಡನೆಯ ಉತ್ತರ ಬರೆದ ಅಮ್ಮನವರ ದೂರು ನ್ಯಾಯವಾದದ್ದೇ, ಆದರೆ ಆ ದೂರು ಶುಲ್ಕದ ಮೇಲಲ್ಲ, ಹಣ ತೆಗೆದುಕೊಂಡು ಏನನ್ನೂ ಕೊಡದೇ ಹೋದ ಮನುಷ್ಯನ ಮೇಲೆ ಇರಬೇಕು. ಶುಲ್ಕ ಪಡೆದವನು ಇನ್ನೊಬ್ಬ ಕೆಲಸಗಾರನ ಕೈಗೆ ಕೊಟ್ಟರೂ ಅರ್ಥವಾಗುವಂತಹ ಕಾಗದವೊಂದನ್ನು ಬಿಟ್ಟು ಹೋಗಬೇಕು: ಎಲ್ಲೆಲ್ಲಿ ಪರೀಕ್ಷಿಸಿದೆ, ಏನು ಕಂಡಿತು, ಅಳತೆ ಎಷ್ಟು, ಯಾವ ಸಾಮಗ್ರಿ, ಕೂಲಿ ಎಷ್ಟು, ಈ ದರ ಎಷ್ಟು ದಿನಕ್ಕೆ ಅನ್ವಯ ಎಂಬುದೆಲ್ಲ ಅದರಲ್ಲಿರಬೇಕು. ಬರೀ ಮೊತ್ತ ಹೇಳುವವನು ಹಣ ಕೇಳಬಾರದು. ಶುಲ್ಕದ ಮಾತನ್ನು ಫೋನಿನಲ್ಲೇ ಹೇಳಿಬಿಡಬೇಕು ಎಂಬುದನ್ನೂ ಸೇರಿಸುತ್ತೇನೆ. ಮನೆಗೆ ಬಂದು ಚಪ್ಪಲಿ ಮೆಟ್ಟುವಾಗ ಕೇಳುವವರಿದ್ದಾರೆ, ಅದು ಶುದ್ಧ ಮೋಸ.

ಉತ್ತರ 4: ಬಣ್ಣದವನು

ನಾನು ಬಣ್ಣ ಹೊಡೆಯುವ ಕೆಲಸ ಮಾಡಿಸುತ್ತೇನೆ, ಅಂದಾಜಿಗೆ ಶುಲ್ಕ ಪಡೆಯುವುದಿಲ್ಲ, ಪಡೆಯುವ ಯೋಚನೆಯೂ ಇಲ್ಲ. ಗೋಡೆಯ ಉದ್ದವನ್ನು ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿಗಳ ಜಾಗವನ್ನು ಕಳೆದರೆ ಲೆಕ್ಕ ಮುಗಿಯಿತು. ಮನೆಯವರೇ ಅಳತೆ ಕಳಿಸಿದರೆ ಅಲ್ಲಿಗೆ ಹೋಗದೆಯೂ ಒಂದು ಮಟ್ಟಿಗೆ ಹೇಳಬಲ್ಲೆ. ಆದರೂ ಹೋಗುತ್ತೇನೆ, ಏಕೆಂದರೆ ಗೋಡೆಯ ಮೇಲೆ ಅಂಗೈ ಒರೆಸಿದಾಗ ಬಿಳಿ ಪುಡಿ ಮೆತ್ತಿಕೊಂಡರೆ ಬಣ್ಣಕ್ಕೆ ಮುಂಚಿನ ಪದರವಾದ ಪ್ರೈಮರ್ ಹಾಕದೆ ಗತಿಯಿಲ್ಲ ಎಂಬುದು ಫೋಟೋದಲ್ಲಿ ಕಾಣುವುದಿಲ್ಲ. ಅಲ್ಲದೆ ನನ್ನ ಕೆಲಸ ಸಿಗುವುದೇ ಆ ಹತ್ತು ನಿಮಿಷದ ಮುಖಪರಿಚಯದಿಂದ. ಶುಲ್ಕ ಕೇಳಿದರೆ ಬಾಗಿಲೇ ತೆರೆಯುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ಒಂದು ಕಿವಿಮಾತು: ತೇವದ ಕಾರಣ ಸಿಗುವವರೆಗೆ ಆ ಗೋಡೆಗೆ ಬಣ್ಣ ಹೊಡೆಸಬೇಡಿ, ಹೊಡೆಯುತ್ತೇನೆ ಎಂದು ನಾನೇ ಬಂದರೂ ಒಪ್ಪಬೇಡಿ.

ಮರುಬರಹ: ತೇವದ ಗೋಡೆ

ಎಲ್ಲರಿಗೂ ಧನ್ಯವಾದಗಳು. ನಮ್ಮದು ಮೇಲಿನ ತೊಟ್ಟಿಯಿಂದ ನೀರು ಬರುವ ಮನೆ. ಹೇಳಿದಂತೆ ರಾತ್ರಿ ತೊಟ್ಟಿಗೆ ಬರುವ ನೀರನ್ನು ನಿಲ್ಲಿಸಿ ಗುರುತು ಹಾಕಿದೆವು. ಬೆಳಗ್ಗೆ ಟಾರ್ಚ್ ಹಿಡಿದು ನೋಡಿದರೆ ನೀರು ಗುರುತಿನ ಮೇಲೆಯೇ ನಿಂತಿತ್ತು. ಪೈಪ್ ಬದಲಿಸಬೇಕೆಂದವರ ಮಾತು ಸುಳ್ಳಾಯಿತೆಂದು ಹಿಗ್ಗಿ, ಅದೇ ಉತ್ಸಾಹದಲ್ಲಿ, ಶುಲ್ಕ ಕೇಳಿದ್ದ ಆ ಮೂರನೆಯವರಿಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು, ದೊಡ್ಡ ತೊಟ್ಟಿಯಲ್ಲಿ ಹನಿ ಹನಿಯಾಗಿ ಸೋರಿದ ನೀರು ಒಂದು ರಾತ್ರಿಯಲ್ಲಿ ಮಟ್ಟದಲ್ಲಿ ಕಾಣದೇ ಇರಬಹುದು, ಆದ್ದರಿಂದ ಒತ್ತಡದ ಪರೀಕ್ಷೆಯನ್ನು ಹೇಗೂ ಮಾಡಬೇಕಾಗುತ್ತದೆ ಎಂದರು. ನನ್ನ ಹಿಗ್ಗು ಇಳಿಯಿತಾದರೂ, ನನ್ನ ಮಾತಿಗೆ ಹೌದೆಂದು ತಲೆಯಾಡಿಸದೆ ಕಾರಣ ಹೇಳಿದ್ದು ಹಿಡಿಸಿತು.

ಶುಲ್ಕಕ್ಕೆ ಬದಲಾಗಿ ಪರೀಕ್ಷೆಯ ವಿವರ, ಅಳತೆ ಮತ್ತು ಸಾಮಗ್ರಿಯ ಪಟ್ಟಿಯನ್ನು ಬರೆದುಕೊಡುವಿರಾ, ಅದನ್ನು ನಾನು ಬೇರೆಯವರಿಗೆ ತೋರಿಸಿದರೆ ಅಭ್ಯಂತರವಿಲ್ಲವೇ ಎಂದು ಕೇಳಿದೆ. ಎರಡು ಕ್ಷಣ ಸುಮ್ಮನಿದ್ದು, ತೋರಿಸಿ, ಆದರೆ ನನ್ನ ದರ ಬರೆದ ಪುಟವನ್ನು ತೋರಿಸಬೇಡಿ ಎಂದರು. ಅದು ನ್ಯಾಯವೆಂದು ಒಪ್ಪಿಕೊಂಡೆ. ಬಿಲ್ಲಿನಲ್ಲಿ ಕಳೆಯುವ ಮಾತನ್ನು ನಾನೇ ಬೇಡವೆಂದೆ; ಎರಡನೆಯ ಉತ್ತರ ಓದಿದ ಮೇಲೆ, ಆ ಹಣ ಇಂದಿಗೇ ಹೋಯಿತೆಂದುಕೊಂಡರೆ ನಾಳೆ ಯಾರಿಗೆ ಕೆಲಸ ಕೊಡಬೇಕೆಂದು ನಿರಾಳವಾಗಿ ಯೋಚಿಸಬಹುದು ಎನ್ನಿಸಿತು.

ಪರೀಕ್ಷೆಗೆ ಮೊದಲು ಎರಡು ದಿನ ಆ ಬಚ್ಚಲನ್ನು ಬಳಸಬಾರದೆಂದು ತಿಳಿಸಿದ್ದಾರೆ. ಮನೆಯವರು ಮರೆತು ನೀರು ಬಿಡದಿರಲೆಂದು ಬಾಗಿಲ ಚಿಲಕಕ್ಕೆ ಹಗ್ಗ ಬಿಗಿದಿದ್ದೇನೆ. ನಾಳಿದ್ದು ಬೆಳಗ್ಗೆ ಬರುತ್ತಾರೆ. ಅವರು ಬರೆದುಕೊಟ್ಟದ್ದು ಕೈಸೇರಿದ ಮೇಲೆ ಏನು ಕಂಡಿತೆಂದು ಇಲ್ಲಿ ತಿಳಿಸುತ್ತೇನೆ.